ಯಾವ ಪಡೆ ಅನ್ನೋದಕ್ಕಿಂತ ಮೊದಲು ಯಾವ ಕೆಲಸ ಅಂತ ನೋಡಿ

ಭೂಸೇನೆ, ನೌಕಾಪಡೆ, ವಾಯುಪಡೆ ಮೂರರಲ್ಲಿ ಯಾವುದರ ತರಬೇತಿ ದೇಹಕ್ಕೆ ಹೆಚ್ಚು ಕಷ್ಟ, ಓಟ ಅಷ್ಟಾಗಿ ಬಾರದ ನನಗೆ ವಾಯುಪಡೆ ಸುಲಭವಾದೀತೇ ಎಂದು ಕೇಳಿದ್ದೀರಿ. ನಾನು ಪದಾತಿ ದಳದಲ್ಲಿದ್ದವನು. ನನ್ನ ತಮ್ಮ ಹಡಗಿನ ಎಂಜಿನ್ ಕೋಣೆಯಲ್ಲಿ ದುಡಿದವನು. ರಜೆಗೆ ಬಂದಾಗಲೆಲ್ಲ ನಮ್ಮಿಬ್ಬರ ನಡುವೆ ಇದೇ ವಾದ. ಅದರಿಂದ ನಾನು ಕಲಿತದ್ದನ್ನು ಹೇಳುತ್ತೇನೆ.

ತರಬೇತಿಯ ಅವಧಿ ನೋಡಿ ತೀರ್ಮಾನಿಸಬೇಡಿ. ಅಮೆರಿಕದಲ್ಲಿ ವಾಯುಪಡೆಯ ಮೂಲ ತರಬೇತಿ ಏಳೂವರೆ ವಾರ, ಭೂಸೇನೆಯದು 10 ವಾರ, ಹಡಗಿನಿಂದ ದಡಕ್ಕಿಳಿದು ಕಾದಾಡುವ ಮರೀನ್ ದಳದ್ದು 13 ವಾರ. ಆದರೆ ಅದೇ ಭೂಸೇನೆಯಲ್ಲಿ ಪದಾತಿ ಸೈನಿಕನಾಗುವವನಿಗೆ 22 ವಾರ. ಅದೇ ವಾಯುಪಡೆಯಲ್ಲಿ ಶತ್ರುಗಳ ನೆಲದಲ್ಲಿ ಬಿದ್ದ ಪೈಲಟ್‌ಗಳನ್ನು ಹುಡುಕಿ ತರುವ ಪ್ಯಾರಾರೆಸ್ಕ್ಯೂ ತಂಡವಿದೆ. ಓಟ, ಈಜು, ಭಾರ ಹೊರುವುದು, ನೀರಿನಡಿ ಉಸಿರು ಬಿಗಿಹಿಡಿಯುವುದು, ಅದರ ಮೇಲೆ ವೈದ್ಯಕೀಯ ಶಿಕ್ಷಣ ಬೇರೆ. ನಾನಿದ್ದ ದಳದ ಬಹುತೇಕರು ಅದರಲ್ಲಿ ಉಳಿಯುತ್ತಿರಲಿಲ್ಲ ಎಂದು ಯಾವ ಸಂಕೋಚವೂ ಇಲ್ಲದೆ ಹೇಳುತ್ತೇನೆ. 1982ರ ಫಾಕ್‌ಲ್ಯಾಂಡ್ಸ್ ಯುದ್ಧದಲ್ಲಿ, ಹೆಲಿಕಾಪ್ಟರ್‌ಗಳನ್ನು ಹೊತ್ತಿದ್ದ ಹಡಗು ಮುಳುಗಿದ ಮೇಲೆ, ಸುಮಾರು 36 ಕಿಲೋ ಹೊತ್ತು ಮೂರು ದಿನದಲ್ಲಿ 90 ಕಿಲೋಮೀಟರ್ ನಡೆದವರು ಬ್ರಿಟನ್ನಿನ ರಾಯಲ್ ಮರೀನ್‌ಗಳು. ಅವರು ಸೇರಿದ್ದು ನೌಕಾಪಡೆಗೆ!

ಪದಾತಿ ದಳದ ಕಷ್ಟ ಓಟದ್ದು ಅಂತ ಹೊರಗಿನವರು ತಿಳಿದಿರುತ್ತಾರೆ. ಅಸಲು ಕಷ್ಟ ಬೆನ್ನ ಮೇಲಿನ ಭಾರದ್ದು. ನಾನು ಸೇರುವ ಮೊದಲು ಚೆನ್ನಾಗಿಯೇ ಓಡುತ್ತಿದ್ದೆ, ಭಾರ ಹೊತ್ತು ನಡೆದ ಅಭ್ಯಾಸ ಮಾತ್ರ ಇರಲಿಲ್ಲ. ಐದನೇ ವಾರ ಕಣಕಾಲಿನ ಮೂಳೆಯಲ್ಲಿ ಕೂದಲೆಳೆಯಂಥ ಬಿರುಕು ಬಿಟ್ಟಿತು. ಹೊಸ ಒತ್ತಡ ಬಿದ್ದಾಗ ಮೂಳೆ ಮೊದಲು ಹಳೆಯ ಅಂಶವನ್ನು ಕರಗಿಸಿಕೊಳ್ಳುತ್ತದೆ, ಆಮೇಲೆ ನಿಧಾನಕ್ಕೆ ಹೊಸದನ್ನು ಕಟ್ಟುತ್ತದೆ. ನಡುವಿನ ಆ ಕೆಲವು ವಾರ ಅದು ಬಲಹೀನ. ಸ್ನಾಯು, ಉಸಿರು ಎರಡೂ ಬೇಗ ಪಳಗುತ್ತವೆ, ಮೂಳೆ ಅಷ್ಟು ಬೇಗ ಪಳಗುವುದಿಲ್ಲ. ನೋವನ್ನು ಮುಚ್ಚಿಟ್ಟು ಹತ್ತು ದಿನ ನಡೆದೆ. ಅದರ ಬೆಲೆಯಾಗಿ ಮೂರು ತಿಂಗಳು ಹಿಂದುಳಿದೆ. ನೀವು ಯಾವ ಪಡೆಗೇ ಹೋಗಿ, ಈ ತಪ್ಪು ಮಾಡಬೇಡಿ.

ತಮ್ಮನ ಕಷ್ಟ ನನಗೆ ಅರ್ಥವಾಗಲು ವರ್ಷಗಳೇ ಬೇಕಾದವು. ಹಡಗಿನಲ್ಲಿ ಮೈಲುಗಟ್ಟಲೆ ನಡೆಯುವುದಿಲ್ಲ ನಿಜ. ಅಲ್ಲಿ ದೇಹವನ್ನು ತಿನ್ನುವುದು ನಿದ್ದೆಗೇಡು. ಇವತ್ತು ನಡುರಾತ್ರಿ ಪಾಳಿ, ನಾಳೆ ಬೆಳಗಿನ ಜಾವ, ಪಾಳಿ ಮುಗಿದ ಮೇಲೂ ರಿಪೇರಿ, ಕವಾಯತು. ಎಂಜಿನ್ ಕೋಣೆಯ ಸೆಕೆ, ಸದ್ದು, ತಿಂಗಳುಗಟ್ಟಲೆ ಅಲುಗಾಡುವ ನೆಲ. ಆ ಸ್ಥಿತಿಯಲ್ಲೇ ಬೆಂಕಿ ನಂದಿಸುವುದು, ಒಳನುಗ್ಗುವ ನೀರಿಗೆ ತಡೆ ಕಟ್ಟುವುದು ಪ್ರತಿಯೊಬ್ಬನಿಗೂ ಬರಬೇಕು, ಏಕೆಂದರೆ ನಡುಸಮುದ್ರದಲ್ಲಿ ಬೇರೆ ಯಾರನ್ನೂ ಕರೆಯುವಂತಿಲ್ಲ. 2017ರಲ್ಲಿ ಅಮೆರಿಕದ ಫಿಟ್ಜ್‌ಜೆರಾಲ್ಡ್ ಮತ್ತು ಜಾನ್ ಎಸ್. ಮೆಕೇನ್ ಎಂಬ ಯುದ್ಧನೌಕೆಗಳು ಎರಡು ತಿಂಗಳ ಅಂತರದಲ್ಲಿ ವ್ಯಾಪಾರಿ ಹಡಗುಗಳಿಗೆ ಡಿಕ್ಕಿ ಹೊಡೆದು 17 ನಾವಿಕರು ಸತ್ತರು. ತನಿಖೆಯಲ್ಲಿ ಕಂಡ ಕಾರಣಗಳಲ್ಲಿ ತರಬೇತಿಯ ಕೊರತೆಯ ಜೊತೆಗೆ ಸಿಬ್ಬಂದಿಯ ದಣಿವೂ ಇತ್ತು. ಅದಾದ ಮೇಲೆ ನನ್ನ ತಮ್ಮನ ಜೊತೆ ನಾನು ವಾದಕ್ಕಿಳಿದಿಲ್ಲ.

ವಾಯುಪಡೆಯಲ್ಲಿ ಬಹಳಷ್ಟು ಮಂದಿ ತಂತ್ರಜ್ಞರು. ಅವರಿಗೆ ದೇಹಬಲಕ್ಕಿಂತ ಓದು ಮತ್ತು ಒಂದು ನಟ್ಟನ್ನೂ ಮರೆಯದ ಎಚ್ಚರ ಮುಖ್ಯ. ಯುದ್ಧವಿಮಾನದ ಪೈಲಟ್‌ನ ಮಾತು ಬೇರೆ: 9 ಜಿ, ಅಂದರೆ ಗುರುತ್ವದ ಒಂಬತ್ತು ಪಟ್ಟು ಒತ್ತಡ ಬೀಳುವ ತಿರುವಿನಲ್ಲಿ, ತಲೆ ಮತ್ತು ಹೆಲ್ಮೆಟ್ಟು ಸೇರಿ ಆರು ಕಿಲೋ ಇದ್ದದ್ದು 54 ಕಿಲೋ ಭಾರವಾಗುತ್ತದೆ. ರಕ್ತ ಮಿದುಳಿನಿಂದ ಇಳಿಯದಂತೆ ಕಾಲು, ಹೊಟ್ಟೆಯ ಸ್ನಾಯುಗಳನ್ನು ಬಿಗಿದು, ಮೂರು ಸೆಕೆಂಡಿಗೊಮ್ಮೆ ಗಕ್ಕನೆ ಉಸಿರೆಳೆಯುತ್ತ, ಅದರ ನಡುವೆಯೇ ಯೋಚಿಸಬೇಕು.

ಇನ್ನು ನಿಮ್ಮ ಓಟ. ಪ್ರವೇಶ ಪರೀಕ್ಷೆಯ ಓಟ ಎಲ್ಲೂ ತಪ್ಪುವುದಿಲ್ಲ, ಆದರೆ ಅದು ಆರು ತಿಂಗಳಲ್ಲಿ ಕಲಿಯಬಹುದಾದ ವಿದ್ಯೆ. ಮೊದಲ ಎರಡು ತಿಂಗಳು ವೇಗದ ಗೊಡವೆಯೇ ಬೇಡ, ಮಾತಾಡುತ್ತ ಓಡುವಷ್ಟು ನಿಧಾನಕ್ಕೆ, ವಾರಕ್ಕೆ ಮೂರು ದಿನ. ಭಾರ ಹೊರುವ ಕೆಲಸಕ್ಕೆ ಹೋಗುವವರಾದರೆ ಐದಾರು ಕಿಲೋದಿಂದ ನಡಿಗೆ ಶುರುಮಾಡಿ, ಭಾರ ಮತ್ತು ದೂರ ಎರಡನ್ನೂ ಒಂದೇ ವಾರ ಏರಿಸಬೇಡಿ. ಕಣಕಾಲಿನಲ್ಲಿ ಬೆರಳಿಟ್ಟು ತೋರಿಸುವಂತೆ ಒಂದೇ ಜಾಗದಲ್ಲಿ ನೋವಿದ್ದರೆ ಅವತ್ತೇ ನಿಲ್ಲಿಸಿ ವೈದ್ಯರಿಗೆ ತೋರಿಸಿ.