ಹೊರಗೆ ಕಾಣದ ತೊಂದರೆಗೆ ಯಾರನ್ನು, ಹೇಗೆ ಕೇಳಬೇಕು?

ಪ್ರಶ್ನೆ: ನನಗೆ ಎಡಗಿವಿ ಪೂರ್ತಿ ಕೇಳಿಸುವುದಿಲ್ಲ, ಬಲಗಿವಿ ಸರಿಯಿದೆ. ಖಾಸಗಿ ಕಂಪನಿಯಲ್ಲಿ ಕೆಲಸ. ಮೀಟಿಂಗ್‌ನಲ್ಲಿ ಅರ್ಧ ಮಾತು ತಪ್ಪಿಹೋಗುತ್ತದೆ. ಅನುಕೂಲ ಮಾಡಿಕೊಡಿ ಎಂದರೆ ‘ಶೇ 40 ಅಂಗವೈಕಲ್ಯದ ಸರ್ಟಿಫಿಕೇಟ್ ತನ್ನಿ’ ಅನ್ನುತ್ತಾರೆ ಎಚ್‌ಆರ್‌ನವರು.
– ಓದುಗರು, ವಿಜಯನಗರ

ಉತ್ತರ: ಆ ಸರ್ಟಿಫಿಕೇಟ್ ನಿಮಗೆ ಸಿಗಲಾರದು. ಕಾರಣ ಲೆಕ್ಕದಲ್ಲೇ ಇದೆ. ಚೆನ್ನಾಗಿ ಕೇಳಿಸುವ ಕಿವಿಯ ಶೇಕಡಾವಾರು ನಷ್ಟವನ್ನು 5ರಿಂದ ಗುಣಿಸಿ, ಇನ್ನೊಂದು ಕಿವಿಯದನ್ನು ಕೂಡಿಸಿ, 6ರಿಂದ ಭಾಗಿಸುತ್ತಾರೆ. ಒಂದು ಕಿವಿಯದು ಸೊನ್ನೆ, ಇನ್ನೊಂದರದು ನೂರು ಆದರೆ ಬರುವುದು ಸುಮಾರು 17.

ಆದರೆ ನೀವು ಕೇಳುತ್ತಿರುವುದಕ್ಕೆ 40 ಬೇಕಾಗಿಯೇ ಇಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಆ ಗೆರೆ ಇರುವುದು ಮೀಸಲಾತಿಯಂಥ ಸವಲತ್ತುಗಳಿಗೆ. ಅಂಗವೈಕಲ್ಯದ ಮೂಲ ವ್ಯಾಖ್ಯೆಯಲ್ಲಿ ಶೇಕಡಾವಾರಿನ ಮಾತಿಲ್ಲ: ದೀರ್ಘಕಾಲದ ನ್ಯೂನತೆ, ಅದಕ್ಕೆ ಎದುರಾಗುವ ಅಡೆತಡೆ, ಅಷ್ಟೆ. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆಯಿದ್ದ ಯುಪಿಎಸ್‌ಸಿ ಅಭ್ಯರ್ಥಿ ವಿಕಾಸ್ ಕುಮಾರ್ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರ ಫೆಬ್ರುವರಿಯಲ್ಲಿ ಇದನ್ನೇ ಹೇಳಿತು. ಸೂಕ್ತ ಅನುಕೂಲ ಪಡೆಯಲು ಶೇ 40 ಇರಲೇಬೇಕೆಂದಿಲ್ಲ.

ಬಾಯಲ್ಲಿ ಹೇಳಿದ್ದು ಮರುದಿನಕ್ಕೆ ಮರೆತುಹೋಗುತ್ತದೆ, ಮೇಲ್ ಮಾಡಿ. ‘ಕಷ್ಟವಾಗುತ್ತಿದೆ’ ಎಂದು ನಿಲ್ಲಿಸಬೇಡಿ, ಏನು ಬೇಕೋ ಅದನ್ನೇ ಬರೆಯಿರಿ. ಮೀಟಿಂಗ್ ಕೋಣೆಯಲ್ಲಿ ಎಡಗಡೆ ಗೋಡೆ ಬರುವಂಥ ತುದಿಯ ಕುರ್ಚಿ ನಿಮ್ಮದಾಗಲಿ, ಆಗ ಮಾತನಾಡುವವರೆಲ್ಲ ನಿಮ್ಮ ಬಲಕ್ಕೆ ಬರುತ್ತಾರೆ. ಆನ್‌ಲೈನ್ ಕಾಲ್‌ಗಳಲ್ಲಿ ಕ್ಯಾಪ್ಷನ್ ಆನ್ ಇರಲಿ. ತೀರ್ಮಾನಗಳು ಅಂದೇ ಮೇಲ್‌ನಲ್ಲಿ ಬರಲಿ. ಕೂರುವ ಜಾಗ ಎಸಿಯ ಗಾಳಿ, ಪ್ಯಾಂಟ್ರಿಯ ಸದ್ದಿನಿಂದ ದೂರ ಇರಲಿ. ಗದ್ದಲದೊಳಗಿಂದ ಒಂದು ದನಿಯನ್ನು ಹೆಕ್ಕಲು ಮೆದುಳಿಗೆ ಎರಡೂ ಕಿವಿ ಬೇಕು. ಶಾಂತ ಕೋಣೆಯಲ್ಲಿ ನಿಮ್ಮೊಡನೆ ಸಲೀಸಾಗಿ ಮಾತನಾಡಿದವರು ‘ಇವರಿಗೆ ಕೇಳಿಸುತ್ತದಲ್ಲ’ ಅಂದುಕೊಳ್ಳುವುದು ಇದು ಗೊತ್ತಿಲ್ಲದ್ದಕ್ಕೇ. ಮೇಲ್ ಜೊತೆ ಆಡಿಯೋಗ್ರಾಮ್ (ಕಿವಿ ಪರೀಕ್ಷೆಯ ವರದಿ) ಲಗತ್ತಿಸಿ.

20 ಅಥವಾ ಹೆಚ್ಚು ಮಂದಿ ನೌಕರರಿರುವ ಖಾಸಗಿ ಸಂಸ್ಥೆಯ ಸಮಾನ ಅವಕಾಶ ನೀತಿಯಲ್ಲಿ ಇಂಥ ಸೌಲಭ್ಯಗಳ ವಿವರವೂ ಅವನ್ನು ನೋಡಿಕೊಳ್ಳುವ ಸಂಪರ್ಕಾಧಿಕಾರಿಯ ನೇಮಕವೂ ಇರಬೇಕು. ಅದರ ಪ್ರತಿ ಕೊಡಿ ಎಂದು ಅದೇ ಮೇಲ್‌ನಲ್ಲಿ ಕೇಳಿ. ಉತ್ತರ ಬಾರದಿದ್ದರೆ ಮೇಲ್‌ಗಳ ಪ್ರತಿ ಇಟ್ಟು, ವಿಕಲಚೇತನರ ರಾಜ್ಯ ಆಯುಕ್ತರಿಗೆ ದೂರು ಕೊಡಬಹುದು.

ಪ್ರಶ್ನೆ: ಮಗಳಿಗೆ ಡಿಸ್ಲೆಕ್ಸಿಯಾ. 8 ವರ್ಷದವಳಿದ್ದಾಗ ಮಾಡಿಸಿದ ಸರ್ಟಿಫಿಕೇಟ್ ಇದೆ. ಈಗ ಒಂಬತ್ತನೇ ತರಗತಿ. ಎಸ್‌ಎಸ್‌ಎಲ್‌ಸಿಗೆ ಅದೇ ಸಾಕೆ?
– ತಾಯಿ, ಜಯನಗರ

ಉತ್ತರ: ಸಾಲದು. ಡಿಸ್ಲೆಕ್ಸಿಯಾ, ಅಂದರೆ ಓದು-ಬರಹ ಕಷ್ಟವಾಗುವಂಥ ಕಲಿಕಾ ನ್ಯೂನತೆಗೆ 14ನೇ ವಯಸ್ಸಿಗೆ ಮತ್ತೆ ತಪಾಸಣೆ ಮಾಡಿಸಿ ಸರ್ಟಿಫಿಕೇಟ್ ಪಡೆಯಬೇಕು, 18ಕ್ಕೆ ಇನ್ನೊಮ್ಮೆ. ಈ ವರ್ಷವೇ ಮುಗಿಸಿಕೊಳ್ಳಿ. ತಪಾಸಣೆ ಒಂದೇ ದಿನಕ್ಕೆ ಮುಗಿಯದೆ ಹೋಗಬಹುದು. ಮಗಳದು ಕನ್ನಡ ಮಾಧ್ಯಮವಾದರೆ ಕನ್ನಡದಲ್ಲೂ ಓದಿಸಿ, ಬರೆಸಿ ನೋಡಿ ಎಂದು ತಪಾಸಣೆ ಮಾಡುವವರಿಗೆ ಹೇಳಿ. ಹತ್ತನೇ ತರಗತಿಯ ನೋಂದಣಿಯ ಹೊತ್ತಿಗೆ ಪರೀಕ್ಷೆಯ ಅನುಕೂಲಗಳಿಗೆ ಮುಖ್ಯೋಪಾಧ್ಯಾಯರ ಮೂಲಕ ಅರ್ಜಿ ಹೋಗಿರಲಿ, ಹಾಲ್ ಟಿಕೆಟ್ ಬರುವವರೆಗೆ ಕಾಯಬೇಡಿ. ಕೇಂದ್ರದ ಮಾರ್ಗಸೂಚಿಯಂತೆ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚು ಸಮಯ ಸಿಗಬೇಕು, ಅಂದರೆ 3 ಗಂಟೆಯ ಪರೀಕ್ಷೆಗೆ ಇನ್ನೊಂದು ಗಂಟೆ.

ಬರೆದುಕೊಡುವವರನ್ನು ಕೇಳುವ ಮುಂಚೆ ಒಮ್ಮೆ ಗಮನಿಸಿ: ಮಗಳು ತಡವರಿಸುವುದು ಪ್ರಶ್ನೆ ಓದುವಾಗಲೋ, ಉತ್ತರ ಬರೆಯುವಾಗಲೋ? ಓದುವುದೇ ಕಷ್ಟವಾದರೆ ಅವಳಿಗೆ ಬೇಕಾದದ್ದು ಪ್ರಶ್ನೆಪತ್ರಿಕೆ ಓದಿ ಹೇಳುವವರು. ಯಾವುದೇ ಅನುಕೂಲವಿರಲಿ, ಪೂರ್ವಸಿದ್ಧತಾ ಪರೀಕ್ಷೆಯಲ್ಲೇ ಅಭ್ಯಾಸವಾಗಲಿ. ಉತ್ತರವನ್ನು ಬಾಯಲ್ಲಿ ಹೇಳಿ ಬರೆಸುವುದೂ ರೂಢಿಯಾಗಬೇಕಾದ ಕೆಲಸ.

ಪ್ರಶ್ನೆ: ನನಗೆ 29 ವರ್ಷ, ಮಲ್ಟಿಪಲ್ ಸ್ಕ್ಲೆರೋಸಿಸ್ (ಮೆದುಳು, ಬೆನ್ನುಹುರಿಯ ನರಗಳಿಗೆ ಹಾನಿ ಮಾಡುವ ಕಾಯಿಲೆ) ಇದೆ. ಮೆಟ್ರೊದಲ್ಲಿ ಮೀಸಲು ಸೀಟಿನಲ್ಲಿ ಕೂತರೆ ಜನ ಎಬ್ಬಿಸುತ್ತಾರೆ.
– ಓದುಗರು, ಯಶವಂತಪುರ

ಉತ್ತರ: ಕಾಯ್ದೆಯ 21 ಅಂಗವೈಕಲ್ಯಗಳ ಪಟ್ಟಿಯಲ್ಲಿ ನಿಮ್ಮ ಕಾಯಿಲೆಯ ಹೆಸರೇ ಇದೆ. ‘ನರದ ತೊಂದರೆಯಿದೆ, ನಿಂತರೆ ಕಾಲು ಸೋಲುತ್ತದೆ’ ಎಂಬ ಒಂದು ಮಾತು ಸಾಕು. ವರದಿ, ಕಾರ್ಡು ಏನನ್ನೂ ಸಹಪ್ರಯಾಣಿಕರಿಗೆ ತೋರಿಸಬೇಕಾಗಿಲ್ಲ. ಮೈ ಬಿಸಿಯೇರಿದರೆ ಹಾನಿಯಾದ ನರಗಳಲ್ಲಿ ಸಂದೇಶ ಇನ್ನೂ ನಿಧಾನವಾಗುತ್ತದೆ, ಹಾಗಾಗಿ ಬೇಸಿಗೆಯಲ್ಲಿ ಮೆಜೆಸ್ಟಿಕ್‌ನಲ್ಲಿ ಗಾಡಿ ಬದಲಿಸುವಾಗ ಆತುರ ಬೇಡ, ತಂಪಾಗಿ ಕೂತು ಮುಂದಿನ ಗಾಡಿ ಹತ್ತಿ. ಹೊರಗೆ ಕಾಣದ ತೊಂದರೆಯಿದೆ ಎಂದು ಸೂಚಿಸುವ ಸೂರ್ಯಕಾಂತಿ ಚಿತ್ರದ ಹಸಿರು ಕೊರಳಪಟ್ಟಿಯನ್ನು ಕೆಂಪೇಗೌಡ ವಿಮಾನ ನಿಲ್ದಾಣದ ಸಿಬ್ಬಂದಿ ಗುರುತಿಸುತ್ತಾರೆ. ಮೆಟ್ರೊದ ಜನಕ್ಕೆ ಅದರ ಅರ್ಥ ಇನ್ನೂ ಗೊತ್ತಿಲ್ಲ. ಅಲ್ಲಿ ಅದನ್ನೇ ನಂಬಿ ಕೂರಬೇಡಿ.