ಹಾಕಿ ಸ್ಟಿಕ್ ಭಾರವಾದಷ್ಟೂ ಚೆಂಡು ದೂರ ಹೋಗುತ್ತದೆಯೇ?

ಪ್ರಶ್ನೆ: ಮಗಳು ಹತ್ತನೇ ತರಗತಿ, ಐದಡಿ ಎತ್ತರ. ಶೇ 95 ಕಾರ್ಬನ್ ನಾರು ಇರುವ ‘ಲೋ ಬೋ’ (ಬಾಗು ಕೆಳತುದಿಗೆ ಹತ್ತಿರವಿರುವ) ಸ್ಟಿಕ್ ಕೊಡಿಸಿದೆವು. ಆದರೂ ಹೊಡೆತ ಹತ್ತಿರದಲ್ಲೇ ನಿಲ್ಲುತ್ತದೆ, ಚೆಂಡು ಮೇಲೇಳುತ್ತದೆ. ಇನ್ನೂ ಭಾರದ್ದು ಬೇಕೇ? – ಒಬ್ಬ ತಂದೆ, ಶಿರಸಿ

ಬೇಡ. ಮಳೆಗಾಲ ಮುಗಿದು ಮೈದಾನ ಒಣಗುತ್ತಿದ್ದಂತೆ ಶಿರಸಿ, ಹಳಿಯಾಳ, ಕಾರವಾರಗಳಿಂದ ಇದೇ ಪ್ರಶ್ನೆ ಬರುತ್ತದೆ. ಎಲ್ಲರಿಗೂ ಇನ್ನಷ್ಟು ದುಬಾರಿ ಸ್ಟಿಕ್ಕೇ ಬೇಕು.

ಚೆಂಡಿನ ತೂಕ 156ರಿಂದ 163 ಗ್ರಾಂ. ಬಡಿತದ ಕ್ಷಣದಲ್ಲಿ ಸ್ಟಿಕ್ಕಿನ ಅಷ್ಟೂ 530 ಗ್ರಾಂ ಕೆಲಸಕ್ಕೆ ಬರುವುದಿಲ್ಲ, ಒಂದು ಪಾಲು ಮಾತ್ರ. ಅದನ್ನು 250 ಗ್ರಾಂ ಎಂದಿಟ್ಟುಕೊಳ್ಳಿ. ತುದಿಗೆ ಇನ್ನೂ 20 ಗ್ರಾಂ ಸೇರಿದರೆ ಚೆಂಡಿನ ವೇಗ ಶೇ 3ರಷ್ಟು ಏರುತ್ತದೆ, ಅದೂ ಬೀಸುವ ವೇಗ ಕುಗ್ಗದಿದ್ದರೆ. ಹದಿನೈದರ ಹುಡುಗಿಯ ಮಣಿಕಟ್ಟಿಗೆ ತುದಿಭಾರ ಹೆಚ್ಚಿತೆಂದರೆ ಬೀಸು ಕುಗ್ಗಿಯೇ ಕುಗ್ಗುತ್ತದೆ. ಅದು ಶೇ 3 ಇಳಿದರೆ ಗಳಿಸಿದ್ದೆಲ್ಲ ಹೋಯಿತು.

ಚೆಂಡು ಮೇಲೇಳುವುದಕ್ಕೆ ಕಾರಣ ಬೋ, ಅಂದರೆ ಸ್ಟಿಕ್ಕಿನ ಬಾಗು. ನಿಯಮದಂತೆ ಅದು 25 ಮಿಲಿಮೀಟರ್ ಮೀರಬಾರದು, ಅತಿ ಹೆಚ್ಚು ಬಾಗಿದ ಜಾಗ ಹುಕ್ಕಿನ (ಚೆಂಡು ಹೊಡೆಯುವ ಕೊಕ್ಕೆಯಂಥ ತುದಿಯ) ತಳದಿಂದ 200 ಮಿಲಿಮೀಟರಿಗಿಂತ ಕೆಳಗೂ ಇರಬಾರದು. ಲೋ ಬೋ ಈ ಮಿತಿಯ ಅಂಚಿನಲ್ಲೇ ಇರುತ್ತದೆ. ಅದು ಡ್ರ್ಯಾಗ್ ಫ್ಲಿಕ್‌ಗಾಗಿ, ಅಂದರೆ ಚೆಂಡನ್ನು ಸ್ಟಿಕ್ಕಿನಲ್ಲಿ ಎಳೆದು ಚಿಮ್ಮಿಸುವುದಕ್ಕಾಗಿ, ಮಾಡಿದ್ದು. ನೇರ ಹೊಡೆತದಲ್ಲಿ ಕೈ ಸ್ವಲ್ಪ ಹಿಂದೆ ಉಳಿದರೂ ಅದರ ಮುಖ ಆಕಾಶ ನೋಡುತ್ತದೆ, ಚೆಂಡು ಎಗರಿ ಹತ್ತಿರದಲ್ಲೇ ಬೀಳುತ್ತದೆ. ಹೆಚ್ಚು ಕಾರ್ಬನ್ ಎಂದರೆ ಹೆಚ್ಚು ಬಿಗಿ. ಚೆಂಡು ಹುಕ್ಕಿನ ನಡುವಿಗೆ ತಾಗಿದರೆ ಶಕ್ತಿ ನಡುಕದಲ್ಲಿ ಪೋಲಾಗದು, ನಿಜ. ಆದರೆ ನಡು ತಪ್ಪಿದರೆ ಅಂಗೈ ಜುಮ್ಮೆನ್ನುತ್ತದೆ. ನಾಲ್ಕು ಸಲ ಹಾಗಾದರೆ ಮಗು ಜೋರಾಗಿ ಬೀಸುವುದನ್ನೇ ಬಿಡುತ್ತದೆ.

ಹಣ ಸುರಿಯುವ ಮೊದಲು ಸೀಮೆಸುಣ್ಣ ತನ್ನಿ. ಚೆಂಡಿಗೆ ದಪ್ಪಗೆ ಬಳಿದು ಹತ್ತು ಹೊಡೆತ ಹೊಡೆಸಿ, ಸ್ಟಿಕ್ಕಿನ ಮೇಲಿನ ಗುರುತು ನೋಡಿ. ಹುಕ್ಕಿನ ನಡುವೆ ಎರಡು ಬೆರಳಗಲದೊಳಗೆ ಏಳೆಂಟು ಬೀಳಬೇಕು. ಚದುರಿದ್ದರೆ ಯಾವ ಸ್ಟಿಕ್ ತಂದರೂ ಅಷ್ಟೇ, ತರಬೇತುದಾರರ ಬಳಿ ಕಾಲಿನ ಜಾಗ ಸರಿಪಡಿಸಿಕೊಳ್ಳಲಿ. ಸರಿಯಾಗಿದ್ದರೆ 36 ಇಂಚಿನ, 520–530 ಗ್ರಾಮಿನ, ಶೇ 30ರಿಂದ 50 ಕಾರ್ಬನ್ನಿನ, ಬಾಗು ನಡುಮಟ್ಟದಲ್ಲಿರುವ ಸ್ಟಿಕ್ ಕೊಡಿಸಿ. ಅಂಗಡಿಯಲ್ಲಿ ಇಂಥ ಎರಡು ಸ್ಟಿಕ್ ತೆಗೆದು ಬೆರಳ ಮೇಲೆ ತೂಗಿಸಿ ನೋಡಿ: ತೂಕ ಒಂದೇ ಇದ್ದರೂ ಯಾವುದರ ಸಮತೋಲದ ಬಿಂದು ಹಿಡಿಕೆಯ ಕಡೆಗಿದೆಯೋ ಅದೇ ಅವಳಿಗೆ.

ನಿಮ್ಮೂರ ಕೆಂಪು ಮಣ್ಣಿನ ಮೈದಾನವನ್ನೂ ಮರೆಯಬೇಡಿ. ಉರುಳುವ ದೂರಕ್ಕೆ ನೆಲದ ತಡೆಯೇ ಮುಖ್ಯ. ಹುಲ್ಲು ಕತ್ತರಿಸಿ ಹರಳು ಗುಡಿಸಿದರೆ ಸಿಗುವಷ್ಟು ಲಾಭ ಯಾವ ಕಾರ್ಬನ್ನಿನಿಂದಲೂ ಸಿಗದು.

ಪ್ರಶ್ನೆ: ಹುಕ್ ಕೊರೆದು ಸೀಸ ತುಂಬಿಕೊಡುವವರಿದ್ದಾರೆ. ಮಾಡಿಸಲೇ? – ಹಳಿಯಾಳ

ಖಂಡಿತ ಬೇಡ. ಕೊರೆದ ಜಾಗದಲ್ಲೇ ಸೀಳಿ ಚೂರು ಹಾರಿ ಯಾರದಾದರೂ ಕಣ್ಣು ಹೋದೀತು. ದುಡ್ಡು ತೆಗೆದುಕೊಂಡು ಮಕ್ಕಳ ಕೈಗೆ ಇಂಥದ್ದು ಕೊಡುವವರನ್ನು ಮೈದಾನದ ಬಳಿಯೂ ಬಿಟ್ಟುಕೊಳ್ಳಬೇಡಿ.

ಪ್ರಶ್ನೆ: ಐಸ್ ಹಾಕಿಯವರಂತೆ ಬಾಗುವ ಸ್ಟಿಕ್ ನಮಗೂ ಒಳ್ಳೆಯದೇ? – ಕುಮಟಾ

ಇಲ್ಲ. ಸ್ಲ್ಯಾಪ್ ಶಾಟ್ ಎಂಬ ಜೋರು ಹೊಡೆತದಲ್ಲಿ ಅವರು ಪಕ್‌ಗೆ (ಚೆಂಡಿನ ಬದಲು ಬಳಸುವ ಬಿಲ್ಲೆಗೆ) ಮೊದಲು ಮಂಜುಗಡ್ಡೆಗೇ ಬಡಿದು ಕೋಲನ್ನು ಬಾಗಿಸುತ್ತಾರೆ, ಅದು ನೆಟ್ಟಗಾಗುವ ಶಕ್ತಿ ಪಕ್‌ಗೆ ಸೇರುತ್ತದೆ. ನೀವು ಮೊದಲು ನೆಲಕ್ಕೆ ಬಡಿದರೆ ಕೆಡುವುದು ನಿಮ್ಮ ಹುಕ್.

ಪ್ರಶ್ನೆ: ಮಳೆಗೆ ನೆನೆದ ಮರದ ಸ್ಟಿಕ್ಕನ್ನು ಬಚ್ಚಲೊಲೆಯ ಮೇಲೆ ಒಣಗಿಸಬಹುದೇ? – ಸಿದ್ದಾಪುರ

ಬೇಡ, ಸೀಳುತ್ತದೆ. ಬಟ್ಟೆಯಿಂದ ಒರೆಸಿ, ಗ್ರಿಪ್ ಬಿಚ್ಚಿ, ಗಾಳಿಯಾಡುವ ನೆರಳಲ್ಲಿ ತೂಗುಹಾಕಿ.