ತೂಬು ಎತ್ತುವವರು ಯಾರು?

ಪ್ರಶ್ನೆ: ಕೋಲಾರ ಜಿಲ್ಲೆಯ ನಮ್ಮೂರು ಕೆರೆ ಏರಿಯ ಕೆಳಗಿನ 30 ಮನೆಗಳ ಹಳ್ಳಿ. ಕೆರೆಯಿಂದ ಗದ್ದೆಗೆ ನೀರು ಬಿಡುವ ತೂಬನ್ನು ಎತ್ತುವ ವಿಚಾರಕ್ಕೆ ಅಕ್ಕಪಕ್ಕದ ಮನೆಯವರೇ ಮಾತು ಬಿಟ್ಟಿದ್ದಾರೆ. ನೀರು ಹಂಚುವ ನೀರುಗಂಟಿ ಇದ್ದಾಗ ಹೀಗಿರಲಿಲ್ಲವೆಂದು ಹಿರಿಯರು ಹೇಳುತ್ತಾರೆ. ನಿಜವೇ?

ಉತ್ತರ: ಜಗಳವೇ ಇರಲಿಲ್ಲವೆಂಬುದನ್ನು ನಾನು ಒಪ್ಪಲಾರೆ, ಆದರೆ ಜಗಳವನ್ನು ಗದ್ದೆಯ ಬದುವಿನಲ್ಲೇ ಮುಗಿಸುವ ಒಬ್ಬ ಮನುಷ್ಯನಿದ್ದನೆಂಬುದು ನಿಜ. ಸಾಮಾನ್ಯವಾಗಿ ದಲಿತ ಕುಟುಂಬದವನಾದ ನೀರುಗಂಟಿಯು ಸರದಿಯಂತೆ ತೂಬು ಎತ್ತಿ, ಕಾಲುವೆಯ ಬಾಯಿಗೆ ಒಂದು ಹಿಡಿ ಕೆಸರು ಮೆತ್ತಿ ಒಂದು ಗದ್ದೆಯ ನೀರನ್ನು ಇನ್ನೊಂದಕ್ಕೆ ತಿರುಗಿಸುತ್ತಿದ್ದ, ಮಳೆಗಾಲದ ರಾತ್ರಿಗಳಲ್ಲಿ ಏರಿಯನ್ನೂ ಹೆಚ್ಚಾದ ನೀರು ಹರಿದುಹೋಗುವ ಕೋಡಿಯನ್ನೂ ಕಾಯುತ್ತಿದ್ದ. ಪ್ರತಿಫಲವಾಗಿ ಸುಗ್ಗಿಯಲ್ಲಿ ಕಣದಿಂದ ಧಾನ್ಯ ಸಿಗುತ್ತಿತ್ತು. ಅದಕ್ಕೂ ಆತ ಮನೆಮನೆಯೆದುರು ಕಾಯಬೇಕಾಗುತ್ತಿತ್ತು ಎಂಬುದನ್ನು ಹಿರಿಯರು ಅಷ್ಟಾಗಿ ಹೇಳುವುದಿಲ್ಲ. ಇಂಥ ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು 1961ರ ಕಾಯ್ದೆ ರದ್ದುಪಡಿಸಿತು. ಆ ಪದ್ಧತಿ ಮರಳುವುದು ಬೇಡ, ಕೆಲಸ ಮಾತ್ರ ಮರಳಲಿ: ನಾಟಿಗೆ ಮೊದಲೇ ಅಚ್ಚುಕಟ್ಟಿನವರೆಲ್ಲರೂ, ಅಂದರೆ ಕೆರೆಯ ನೀರುಣ್ಣುವ ಜಮೀನಿನವರೆಲ್ಲರೂ, ಏರಿಯ ಮೇಲೆ ಕುಳಿತು ಸರದಿಯನ್ನು ಬರೆದಿಟ್ಟು, ತೂಬಿನ ಹೊಣೆಯನ್ನು ಕೆರೆಯ ಕೆಳಗೆ ಜಮೀನಿಲ್ಲದ ಒಬ್ಬರಿಗೆ ತಿಂಗಳ ಸಂಬಳದ ಮೇಲೆ ಒಪ್ಪಿಸಿರಿ.